ಮೆಟ್ಟಿಲಿನ ಅಳತೆ

ಅಂಗಳದಲ್ಲಿ ವೆಲ್ಡಿಂಗಿನ ಸುಟ್ಟ ವಾಸನೆ. ನನ್ನ ಜೀಪಿನ ಬಾಗಿಲ ಕೆಳಗೆ ಈಗಷ್ಟೇ ಬೆಸೆದ ಕಬ್ಬಿಣದ ಮೆಟ್ಟಿಲು ಆರಲೆಂದು ಕಾದು ಕೂತಿದ್ದೇವೆ. ಮೆಟ್ಟಿಲು ಹೊಸದಲ್ಲ, ಎದುರುಮನೆಯ ದಸ್ತಗೀರ್ ಸಾಹೇಬರ ಗಾಡಿಯದು.

ನಿಮಗೂ ಗೊತ್ತಿರುತ್ತದೆ, ದೊಡ್ಡ ಗಾಡಿ ಕೊಂಡವನಿಗೆ ಅದು ಎಂದೂ ಸಾಕಷ್ಟು ದೊಡ್ಡದೆನಿಸುವುದಿಲ್ಲ. ನಾನೂ ಬೆಟ್ಟ ಹತ್ತುವ ಟೈರು ಹಾಕಿಸಿ, ಸ್ಪ್ರಿಂಗ್ ಎತ್ತರಿಸಿ, ಮುಂದೆ ಸಾಲುದೀಪ ಕೂಡಿಸಿದವನೇ. ಹತ್ತಿದ್ದು ಮಾತ್ರ ವಿನೋಬನಗರದ ರಸ್ತೆ ಉಬ್ಬುಗಳನ್ನು. ಕೆ.ಬಿ. ಬಡಾವಣೆಯ ನಮ್ಮ ಓಣಿಯಲ್ಲಿ ಭಾನುವಾರ ಬಂತೆಂದರೆ ನಾನೂ ಸಾಹೇಬರೂ ಬಾನೆಟ್ ಎತ್ತಿ ನಿಲ್ಲುತ್ತಿದ್ದೆವು. ಮಂಡಿಪೇಟೆಯಲ್ಲಿ ಅವರದು ಕಬ್ಬಿಣದ ಅಂಗಡಿ. ಗಾಡಿಗೆ ಬೇಕಾದ್ದೆಲ್ಲ ಸ್ವಂತ ಕೈಯಲ್ಲೇ ಮಾಡಿಕೊಳ್ಳುವರು.

ಅವರ ಹೆಂಡತಿ ಮೆಹಬೂಬಿಯವರಿಗೆ ಮಂಡಿನೋವು ಹೆಚ್ಚಿ, ಆ ಎತ್ತರದ ಗಾಡಿ ಹತ್ತಲಾಗದಾಯಿತು. ಹರಿಹರದಲ್ಲಿ ಹಾಸಿಗೆ ಹಿಡಿದ ಅಕ್ಕನನ್ನು ನೋಡಬೇಕು. ಹರಿಹರವೇನು ಕಾಶಿಯಲ್ಲ, ಆದರೆ ಆಟೋದ ಕುಲುಕನ್ನು ಆ ಮಂಡಿ ತಡೆಯುತ್ತಿರಲಿಲ್ಲ. ಸಾಹೇಬರೂ ಮಗನೂ ಆಚೀಚೆ ಹಿಡಿದು ಎತ್ತಿ ಕೂಡಿಸುತ್ತಿದ್ದರು, ಓಣಿಯೆಲ್ಲ ನೋಡುತ್ತಿತ್ತು. ಒಂದು ದಿನ ಆಕೆ ಹೊಸ್ತಿಲಲ್ಲೇ ನಿಂತುಬಿಟ್ಟರು.

"ನಾ ಬರಂಗಿಲ್ಲ. ಮೆಕ್ಕೆಜೋಳದ ಚೀಲ ಎತ್ತಿದಂಗ ನನ್ನ ಎತ್ತಬ್ಯಾಡ್ರಿ."

ಮುಂದಿನ ಭಾನುವಾರ ಸಾಹೇಬರು ಬಾಗಿಲ ಕೆಳಗೆ ಇಟ್ಟಿಗೆ ಒಟ್ಟಿದರು. ಆಕೆ ಕಾಲಿಟ್ಟು ನೋಡುವರು, ಇವರು ಒಂದು ಇಟ್ಟಿಗೆ ತೆಗೆದು ಹಲಗೆ ಸೇರಿಸುವರು. ಯಾರ ಕೈಯನ್ನೂ ಹಿಡಿಯದೆ ಆಕೆ ಹತ್ತಿ ಕೂತ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅಷ್ಟಕ್ಕೇ ಮೆಟ್ಟಿಲು ಬೆಸೆದರು.

"ಎಲ್ಲಾರೂ ಗಾಡಿ ಎತ್ತರ ಮಾಡಿಸ್ತಾರ, ನೀವು ನೆಲಕ್ಕ ಇಳಿಸಿದ್ರಲ್ರಿ," ಎಂದು ನಾನು ಛೇಡಿಸಿದೆ. ಅವರು ನಗಲಿಲ್ಲ. ಅಕ್ಕ ಇರುವವರೆಗೂ ಮೆಹಬೂಬಿ ವಾರವಾರ ಹರಿಹರಕ್ಕೆ ಹೋಗಿ ಬಂದರು.

ಆಮೇಲೆ ಆಕೆಯೂ ತೀರಿಕೊಂಡರು. ಮೆಟ್ಟಿಲು ಉಬ್ಬು ಉಬ್ಬಿಗೂ ತಾಕಿ ಕರಕರ ಎನ್ನುತ್ತಿತ್ತು. ಕತ್ತರಿಸಿಬಿಡೋಣ ಎಂದು ಮಗ ಎಷ್ಟೋ ಸಲ ಹೇಳಿದ. "ಇರ್ಲಿ ಬಿಡಪ್ಪಾ," ಎಂದಷ್ಟೇ ಹೇಳಿ ಸಾಹೇಬರು ಗಾಡಿಯನ್ನು ಇನ್ನೂ ನಿಧಾನ ಓಡಿಸುವರು.

ಹೋದ ತಿಂಗಳು ನನ್ನ ಹೆಂಡತಿಗೆ ಮಂಡಿಯ ಆಪರೇಷನ್ ಆಯಿತು. ನಿನ್ನೆ ಡಾಕ್ಟರ ಹತ್ತಿರ ಹೋಗಿ ಬಂದಾಗ ನಾನು ಅವಳನ್ನು ಎತ್ತಿ ಇಳಿಸಿದ್ದನ್ನು ಸಾಹೇಬರು ತಮ್ಮ ಗೇಟಿನಿಂದ ನೋಡಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ಸಾಹೇಬರು ನಿಂತಿದ್ದರು, ತಮ್ಮ ಗಾಡಿಯಿಂದ ಕೊಯ್ದು ತೆಗೆದ ಮೆಟ್ಟಿಲು ಅವರ ಕೈಯಲ್ಲಿತ್ತು.

"ಬ್ಯಾಡ್ರಿ ಸಾಹೇಬ್ರ, ನಾ ಹೊಸಾದು ಮಾಡಿಸ್ತೀನಿ," ಎಂದೆ.

"ಕಬ್ಬಿಣ ಗಟ್ಟಿ ಐತೆ. ಸುಮ್ನ ಯಾಕ ತುಕ್ಕು ಹಿಡೀಬೇಕು."

ಮತ್ತೆ ಇಟ್ಟಿಗೆ ಒಟ್ಟಿ ನೋಡಿದರು. ನನ್ನ ಹೆಂಡತಿ ಎತ್ತರದವಳು, ಹಳೆಯ ಅಳತೆ ಹೊಂದಲಿಲ್ಲ. ಮೆಟ್ಟಿಲನ್ನು ಇಳಿಬಿಟ್ಟ ಕಂಬಿಗಳನ್ನು ಗಿಡ್ಡ ಮಾಡಬೇಕಿತ್ತು. ಸಾಹೇಬರು ಕಂಬಿಗಳ ಮೇಲೆ ಸೀಮೆಸುಣ್ಣದ ಹೊಸ ಗೆರೆ ಎಳೆದು, ಕೊಯ್ಯುವ ಯಂತ್ರ ಕೈಗೆತ್ತಿಕೊಂಡರು.

"ಆಕಿ ಅಳತಿ ಇದೊಂದ್ರಾಗ ಉಳಿದಿತ್ತು," ಎಂದು ಹೇಳಿ ಕೊಯ್ದರು.

ಈಗ ಕಬ್ಬಿಣ ಆರಿದೆ. ನನ್ನ ಹೆಂಡತಿ ಬಂದು ಮೆಟ್ಟಿಲ ಮೇಲೆ ಕಾಲಿಡುತ್ತಾಳೆ. ನಾನು ರಟ್ಟೆ ಹಿಡಿಯಲು ಮುಂದಾಗುತ್ತೇನೆ. ಸಾಹೇಬರು ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ.

"ಮುಟ್ಟಬ್ಯಾಡ್ರಿ. ಅವ್ರೇ ಹತ್ಲಿ."

ಅವಳು ಹತ್ತಿ ಕೂತು, ಬಾಗಿಲನ್ನೂ ತಾನೇ ಎಳೆದುಕೊಳ್ಳುತ್ತಾಳೆ. ಸಾಹೇಬರು ಇನ್ನೂ ನನ್ನ ಕೈ ಬಿಟ್ಟಿಲ್ಲ.