ಅಂಕೋಲೆಯವರು ಕಾರವಾರಕ್ಕೆ, ಕಾರವಾರದವರು ಅಂಕೋಲೆಗೆ

ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟ ಬಸ್ಸು ಅರಬೈಲ್ ಘಟ್ಟದಲ್ಲಿ ಅದಿರಿನ ಲಾರಿಗಳ ಹಿಂದೆ ತೆವಳುತ್ತ ಬಂದು ನನ್ನನ್ನು ಅಂಕೋಲೆಯ ಹತ್ತಿರದ ಬಾಳೆಗುಳಿಯಲ್ಲಿ ಇಳಿಸಿದಾಗ ಮಧ್ಯಾಹ್ನ ದಾಟಿತ್ತು. ಅಂಗಿ, ಚೀಲ, ಹುಬ್ಬು ಎಲ್ಲವೂ ಕೆಂಪು ಧೂಳು. ಲಾರಿ ಚಾಲಕರಿಗಾಗಿ ಎಚ್‌ಐವಿ ಮತ್ತು ಗುಪ್ತರೋಗಗಳ ಬಗ್ಗೆ ಕಿರುಪುಸ್ತಕ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ನೋಡದೆ ಬರೆಯುವುದಿಲ್ಲ ಎಂದು ಹಟ ಹಿಡಿದು ಬಂದಿದ್ದೆ.

ಆ ಹೆದ್ದಾರಿಯಲ್ಲಿ ಚಾಲಕರ ನಡುವೆ ಕೆಲಸ ಮಾಡುವ ವಿಮಲಕ್ಕ ನನ್ನನ್ನು ಚಹಾದಂಗಡಿಗೆ ಕರೆದೊಯ್ದು ಬನ್ಸ್ ತಿನ್ನಿಸುತ್ತ ಮರುದಿನದ ವಿಷಯ ಹೇಳಿದರು. ಅಂಕೋಲೆಯ ಲಾರಿ ಚಾಲಕ ಬೊಮ್ಮಯ್ಯ ಮತ್ತು ಅವರ ಹೆಂಡತಿ ನಾಗವೇಣಿ, ಇಬ್ಬರಿಗೂ ಎಚ್‌ಐವಿ ಸೋಂಕಿದೆ. (ಹೆಸರುಗಳನ್ನು ಬದಲಿಸಿದ್ದೇನೆ.) ಹೆರಿಗೆಯ ಹೊತ್ತಿಗೆ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಕೂಸಿಗೆ ಕೆಲವು ಹನಿ ಔಷಧಿ ಕೊಟ್ಟಿದ್ದರು. ಕೂಸಿಗೆ ಈಗ ಒಂದೂವರೆ ವರ್ಷ. ಸೋಂಕು ಅದಕ್ಕೆ ಹೋಗಿದೆಯೋ ಇಲ್ಲವೋ ಎಂದು ತಿಳಿಸುವ ಪರೀಕ್ಷೆ ನಾಳೆ, ಕಾರವಾರದ ಆಸ್ಪತ್ರೆಯಲ್ಲಿ.

"ಒಂದು ಮಾತ್ರೆ ಇಷ್ಟೆಲ್ಲ ತಡೀತದ ಅನ್ನೂದಕ್ಕ ಪುರಾವೆ ಏನ್ರಿ ಅಕ್ಕಾ?"

"ಎಲ್ರಿಗೂ ತಡೀತದೆ ಅಂತ ನಾ ಹೇಳ್ಲಿಲ್ಲ ತಮ್ಮಾ. ಸುಮಾರು ಮಕ್ಕಳಿಗೆ ತಡೀತದೆ. ನಾಳೆ ನೀವೇ ಬನ್ನಿ. ಅವ್ರ ಹತ್ರ ಕೇಳಿದ್ದೆ. 'ಬರ್ಲಿ, ಬರೂದಾದ್ರೆ ಕಂಡೇ ಬರೀಲಿ' ಅಂದ್ರು."

ಅಂಕೋಲೆಯಲ್ಲೇ ಪರೀಕ್ಷೆ ಇರುವಾಗ ಕಾರವಾರಕ್ಕೆ ಯಾಕೆ ಎಂದೆ. ವಿಮಲಕ್ಕ ನಕ್ಕರು. "ಗುರ್ತಿನವ್ರು ಕಾಣ್ತಾರೆ ಅಂತ ಅಂಕೋಲೆಯವ್ರು ಕಾರವಾರಕ್ಕೆ ಹೋಗೂದು, ಕಾರವಾರದವ್ರು ಅಂಕೋಲೆಗೆ ಬರೂದು. ಎರಡೂ ಬಸ್ಸು ದಾರೀಲಿ ಅರ್ಗಾದಲ್ಲಿ ಎದುರುಬದುರಾಗ್ತದೆ." ಹಾಗಾದರೆ ಇದು ಗುಟ್ಟಲ್ಲ, ಸಾರಿಗೆ ಸಂಸ್ಥೆಗೆ ಲಾಭ ಎಂದೆ. ಅವರು ಒಪ್ಪಿದರು. ಇದೇ ಹೆದರಿಕೆಯಿಂದ ಈ ದಂಪತಿ ಎರಡು ಸಲ ಅರ್ಧ ದಾರಿಯಿಂದ ಹಿಂದಿರುಗಿದ್ದರಂತೆ.

ಮರುದಿನ ಬೆಳಿಗ್ಗೆ ಅಂಕೋಲೆ ನಿಲ್ದಾಣದಿಂದ ಹೊರಟೆವು. ಮೂವತ್ತೈದು ಕಿಲೋಮೀಟರಿನ ದಾರಿ. ಬೊಮ್ಮಯ್ಯ ಮುಂದಿನ ಸೀಟಿನಲ್ಲಿ, ನಾಗವೇಣಿ ಹಿಂದೆ ಕಿಟಕಿಯ ಕಡೆ ಸೆರಗು ಹೊದ್ದು, ಪರಿಚಯವೇ ಇಲ್ಲದವರಂತೆ. ಕೂಸಿಗೆ ಈ ನಾಟಕ ತಿಳಿಯದು. ದಾರಿಯುದ್ದಕ್ಕೂ ಅಪ್ಪನ ಕೂದಲಿಗೆ ಕೈ ಚಾಚುತ್ತಿತ್ತು. ಬಿಣಗಾದ ಏರು ಹತ್ತಿ ಇಳಿದಾಗ ಎಡಕ್ಕೆ ಕಡಲು ಕಂಡಿತು, ಯಾರೂ ಅತ್ತ ನೋಡಲಿಲ್ಲ.

ಆಸ್ಪತ್ರೆಯಲ್ಲಿ ವಿಮಲಕ್ಕ ಚೀಟಿ ಮಾಡಿಸಲು ಹೋದರು. ಪರೀಕ್ಷಾ ಕೋಣೆಯ ಮುಂದಿನ ಬೆಂಚು ಕಂಡದ್ದೇ ಬೊಮ್ಮಯ್ಯ ತಟ್ಟನೆ ನಿಂತರು. ಅಲ್ಲಿ ಕೂತವನೊಬ್ಬ ಛತ್ರಿ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಿದ್ದ, ಮಾಡಿನ ಕೆಳಗೆ!

"ತಿಮ್ಮಣ್ಣನ ಛತ್ರಿ ಅದು. ನಮ್ಮ ಕೇರಿ ಅಂಗಡಿಯವ. ಊರಿಡೀ ಸುದ್ದಿ ಮಾಡ್ತಾನೆ. ನಡೀ, ಇನ್ನೊಂದ್ ದಿನ ಬರ್ವಾ."

ಕೂಸನ್ನೆತ್ತಿಕೊಂಡು ಅವರು ಬಾಗಿಲತ್ತ ತಿರುಗಿಯೇಬಿಟ್ಟರು. ನಾನು ಅಡ್ಡ ನಿಂತೆ.

"ಸುದ್ದಿ ಮಾಡ್ಲಿಕ್ಕೆ ಅವರು ಊರಾಗ ಏನಂತ ಹೇಳ್ಬೇಕ್ರಿ? 'ಬೊಮ್ಮಯ್ಯನ್ನ ನೋಡಿದೆ' ಅಂದ್ರ ಜನ 'ಎಲ್ಲಿ?' ಅಂತಾರ. 'ಈ ಬೆಂಚಿನ ಮ್ಯಾಲೆ' ಅಂದ್ರ 'ನೀ ಅಲ್ಲಿ ಏನ್ ಮಾಡ್ತಿದ್ದಿ?' ಅಂತಾರ. ನಿಮಗ ಅವರ ಹೆದರಿಕಿ ಎಷ್ಟೋ, ಅವರಿಗೂ ನಿಮ್ಮ ಹೆದರಿಕಿ ಅಷ್ಟೇ."

ಬೊಮ್ಮಯ್ಯ ಬಾಗಿಲು ಬಿಟ್ಟು ಬೆಂಚಿನತ್ತ ತಿರುಗಿದರು. ಇಷ್ಟು ಸಂಪೂರ್ಣವಾಗಿ ಗೆದ್ದ ವಾದ ನನ್ನ ಲೆಕ್ಕದಲ್ಲಿ ಬೇರೊಂದಿಲ್ಲ. ಆದರೆ ನನಗಿಂತ ಮೊದಲು ಅದನ್ನು ಕಾರ್ಯಕ್ಕಿಳಿಸಿದವಳು ನಾಗವೇಣಿ. ಕೂಸನ್ನು ಗಂಡನಿಂದ ತೆಗೆದುಕೊಂಡು ನೇರ ಛತ್ರಿಯ ಮುಂದೆ ಹೋಗಿ ನಿಂತಳು.

"ಏನ್ ತಿಮ್ಮಣ್ಣಾ, ಒಳಗೂ ಮಳೆಯಾ?"

ಛತ್ರಿ ಮೆಲ್ಲಗೆ ಇಳಿಯಿತು. "ಬೆನ್ನುನೋವು ಮಾರಾಯ್ತಿ..."

"ನಮ್ಗೂ ಬೆನ್ನುನೋವೇ. ಸರೀರಿ ಅತ್ಲಾಗೆ, ಕೂತ್ಕಳ್ತೆ."

ಅವರು ಸರಿದರು. ಆಮೇಲೆ ತಿಮ್ಮಣ್ಣನೇ ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೂಸಿಗೆ ಕೊಟ್ಟರು. ರಕ್ತ ತೆಗೆಯುವಾಗ ಅದು ಅಪ್ಪ ಅಮ್ಮ ಇಬ್ಬರನ್ನೂ ಒದ್ದು, ತಿಮ್ಮಣ್ಣನ ಹೆಗಲಿಗೆ ಕಚ್ಚಿಕೊಂಡಿತು.

ಅರ್ಧ ತಾಸಿಗೆ ಒಳಗೆ ಕರೆದರು. ನಾನು ಹೊರಗೇ ಉಳಿದೆ. ಬಾಗಿಲು ತೆರೆದಾಗ ಮೊದಲು ಬಂದದ್ದು ನಾಗವೇಣಿಯ ನಗು. "ಇಲ್ವಂತೆ! ನಮ್ಮ ಕೂಸಿಗೆ ಇಲ್ವಂತೆ!" ಎಂದು ಇಡೀ ಮೊಗಸಾಲೆಗೆ ಕೇಳುವಂತೆ ಕೂಗಿದಳು. ಒಂದು ಕೂಸು ಪುರಾವೆಯಾಗದು, ವಾದ ಗೊತ್ತಿದ್ದವನಿಗೆ ಅದು ಗೊತ್ತು. ಆದರೂ ನಾನು ಚಪ್ಪಾಳೆ ತಟ್ಟಿದೆ, ದಾದಿಯೊಬ್ಬರು ಗದರಿದರು, ತಿಮ್ಮಣ್ಣ ಛತ್ರಿಯನ್ನು ನೆಲಕ್ಕೆ ಕುಟ್ಟಿದರು. ವಿಮಲಕ್ಕ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಊರಂಚಿನ ಕೋಡಿಬಾಗಕ್ಕೆ ಹೋಗಿ ಬಂಗಡೆ ಸಾರು, ಕುಚಲಕ್ಕಿ ಅನ್ನ ಉಂಡೆವು. ಕಾಳಿ ಹೊಳೆ ಕಡಲು ಸೇರುವುದನ್ನು ಈ ಸಲ ಎಲ್ಲರೂ ನೋಡಿದೆವು.

ಸಂಜೆಯ ಬಸ್ಸಿನಲ್ಲಿ ಗಂಡಹೆಂಡತಿ ಒಂದೇ ಸೀಟಿನಲ್ಲಿ ಕೂತರು, ಕೂಸು ನಡುವೆ. ಕಂಡಕ್ಟರು ಬಂದು ಅದನ್ನು ದಿಟ್ಟಿಸಿ, "ಪ್ರಾಯ ಎಷ್ಟಾಯ್ತು? ಅರ್ಧ ಟಿಕೆಟ್ ಆಗ್ತದ ಏನು?" ಎಂದರು.

"ಒಂದೂವರೆ ವರ್ಷ," ಎಂದರು ಬೊಮ್ಮಯ್ಯ. "ಈಗ ಬ್ಯಾಡ. ಆದ್ರೆ ಅರ್ಧ ಟಿಕೆಟ್ ತೆಗ್ಸೂ ಪ್ರಾಯ ಬರ್ತದೆ ಮಾರಾಯ್ರೆ. ಫುಲ್ ಟಿಕೆಟ್ ತೆಗ್ಸೂ ಪ್ರಾಯವೂ ಬರ್ತದೆ!"