ಹಿಂದಿನ ಬಾಗಿಲು ತೆರೆದ ಭಾನುವಾರ

ಬೆಳಿಗ್ಗೆ ಅಂಗಡಿಯ ಮುಂದೆ ನೀರು ಹೊಡೆದೆ. ಎಂಟು ಕೀಬೋರ್ಡ್‌ಗಳನ್ನೂ ತಲೆಕೆಳಗು ಮಾಡಿ ಕೆಂಪು ದೂಳು ಉದುರಿಸಿದೆ. ಮೌಸ್‌ಗಳ ಹೊಟ್ಟೆಯೊಳಗಿನ ಗುಂಡುಗಳನ್ನು ಒರೆಸಿದೆ. ಹಾಲು ಕಾಸಿದೆ. ಯಜಮಾನರ ಎರಡು ಅಂಗಿ ಇಸ್ತ್ರಿಗೆ ಕೊಟ್ಟೆ. ಮಧ್ಯಾಹ್ನ ಮೂರಕ್ಕೆ ಹೆಡ್‌ಫೋನ್ ಹಾಕಿಕೊಂಡು ಯುದ್ಧಕ್ಕೆ ಕೂತೆ.

ಅದು ಗಣಿ ಜೋರಾಗಿದ್ದ ಕಾಲ. ಬ್ರೂಸ್‌ಪೇಟೆಯಲ್ಲಿ ನಮ್ಮದೊಂದು ಬ್ರೌಸಿಂಗ್ ಸೆಂಟರ್. ಗಿರಾಕಿಗಳ ಆನ್‌ಲೈನ್ ಯುದ್ಧದಾಟ ನೋಡಿ ನೋಡಿ ನಾನೂ ಕಲಿತು, ಏಳು ಜನರ ಗುಂಪಿಗೆ ಮುಂದಾಳಾಗಿದ್ದೆ. ನಮಗಿಂತ ದೊಡ್ಡ ಗುಂಪುಗಳೆದುರು ವರ್ಷವಿಡೀ ಒಂದು ಕೋಟೆ ಉಳಿಸಿಕೊಂಡಿದ್ದೆವು. ನನ್ನದು ಒಂದೇ ಪದ್ಧತಿ: ಎದುರಿನವರ ಸಂಖ್ಯೆಯನ್ನು ಎಂದೂ ಮುಚ್ಚಿಡುತ್ತಿರಲಿಲ್ಲ. "ಅವ್ರು ಇಪ್ಪತ್ತು, ನಾವು ಏಳು. ನಿಮ್ಮ ನಿಮ್ಮ ಬಾಗ್ಲಾ ಬಿಟ್ಟು ಕದಲಬ್ಯಾಡ್ರಿ" ಎಂದರೆ ಯಾರೂ ಕದಲುತ್ತಿರಲಿಲ್ಲ.

ಆ ಭಾನುವಾರ ಸಂಜೆ ಆರರವರೆಗೆ ತಡೆದರೆ ಕೋಟೆ ನಮ್ಮದೇ. ಬಿದ್ದರೆ ವರ್ಷದ ಶ್ರಮ ಹೋಗಿ ಗುಂಪಿನ ಹೆಸರೇ ಅಳಿಯುತ್ತಿತ್ತು. ಎದುರಿಗೆ ಅದಿರು ಲಾರಿಗಳ ಮಾಲೀಕನೊಬ್ಬ ಕೂಲಿ ಕೊಟ್ಟು ಕೂರಿಸಿದ್ದ ನಲವತ್ತು ಜನ. ಅವರಿಗೆ ಆಟದ ಖುಷಿಯೇ ಇರಲಿಲ್ಲ. ಪರದೆಯ ತುಂಬ ನಮ್ಮ ತಾಯಿ, ಅಕ್ಕಂದಿರ ಮೇಲಿನ ಹೊಲಸು ಬೈಗುಳ. ಓದಿದರೆ ಹೇಸಿಗೆಯಾಗುತ್ತಿತ್ತು.

ಕುರುಗೋಡಿನ ಹತ್ತು ಮಂದಿ ತಮ್ಮೂರಿನ ಸೆಂಟರಿನಿಂದಲೇ ಆಟದೊಳಗೆ ನಮ್ಮ ನೆರವಿಗೆ ಬರಬೇಕಿತ್ತು. ಐದು ಗಂಟೆಗೆ ಅಲ್ಲಿಂದ ಫೋನು: "ಅಕ್ಕಾ, ಇಲ್ಲಿ ಕರೆಂಟ್ ಹೋಗೈತ್ರಿ. ಇವತ್ತು ಆಗಂಗಿಲ್ಲ."

ಪಕ್ಕದ ಕುರ್ಚಿಯಲ್ಲಿ ಕೋಟೆಯ ಹಿಂದಿನ ಬಾಗಿಲು ಕಾಯುತ್ತಿದ್ದವನು, ಭಾನುವಾರಕ್ಕೊಮ್ಮೆ ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುವ ಟೇಲರ್. "ಕುರುಗೋಡಿನವ್ರೇನ್ರಿ ಅಕ್ಕಾ?" ಎಂದ.

ಎಲ್ಲರ ಮುಖ ಬಾಡಿತ್ತು. "ಹೌದಪ್ಪಾ. ಹೊಂಟಾರಂತ, ಇನ್ನೇನ್ ಬಂದ್ರು," ಎಂದುಬಿಟ್ಟೆ.

"ಬರ್ಲಿ, ಬರ್ಲಿ! ಈ ನಲವತ್ತು ಮಂದೀಗೆ ಬೀಗರ ಉಪಚಾರ ಮಾಡಿ ಕಳಸೋಣು," ಎಂದ ನಮ್ಮ ಗುಂಪಿನಲ್ಲಿ ಕೋಟೆಗೋಡೆ ಕಾಯುತ್ತಿದ್ದ ಲಾರಿ ಆಫೀಸಿನ ಗುಮಾಸ್ತ.

"ಲೇ, ಮೊದ್ಲು ನಿನ್ನ ಗ್ವಾಡಿ ನೋಡ್ಕೋ," ಎಂದು ಟೇಲರ್ ನಕ್ಕ.

ಆರಕ್ಕೆ ಹತ್ತು ನಿಮಿಷವಿತ್ತು. ಬರುವ ನಮ್ಮವರು ಹೊರಗೆ ಸಿಕ್ಕಿ ಸಾಯಬಾರದೆಂದು ಟೇಲರ್ ಮುಂಚಿತವಾಗಿ ಹಿಂದಿನ ಬಾಗಿಲು ತೆರೆದಿಟ್ಟ. ನಲವತ್ತೂ ಜನ ಅದರಿಂದಲೇ ನುಗ್ಗಿದರು. ಕೋಟೆ ಹೋಯಿತು.

ಗುಮಾಸ್ತ ಹೆಡ್‌ಫೋನ್ ಎಸೆದ. "ಕತ್ರಿ ಹಿಡಿಯೋ ಕೈಗೆ ಬಾಗ್ಲಾ ಕೊಟ್ರ ಇನ್ನೇನ್ ಆಗ್ತೈತಿ!"

ಉಳಿದವರೂ ಬೈದರು. ಟೇಲರ್ ನನ್ನ ಮುಖ ನೋಡಿದ. ನಾನು ಬಟ್ಟೆ ತೆಗೆದುಕೊಂಡು ಪರದೆ ಒರೆಸುತ್ತಾ ನಿಂತೆ. ಕೂಲಿಯವರ ಬೈಗುಳಕ್ಕೆ ಬಂದ ಹೇಸಿಗೆ ನನ್ನ ಈ ಮೌನದ ಮುಂದೆ ಏನೂ ಅಲ್ಲ.

ಉಳಿದವರೆಲ್ಲ ಹೋದ ಮೇಲೆ, ಟೇಲರ್ ಚಪ್ಪಲಿ ಮೆಟ್ಟುವಾಗ ಹೇಳಿದೆ: "ಅವ್ರು ಹೊಂಟೇ ಇರ್ಲಿಲ್ಲಪ್ಪಾ. ನಾನೇ ಸುಳ್ಳು ಹೇಳಿದೆ."

"ಯಾರೂ ಬರಂಗಿಲ್ಲ ಅಂದಿದ್ರೂ ನಿಂತಿರ್ತಿದ್ನಲ್ರಿ ಅಕ್ಕಾ," ಎಂದ. ಮೆಟ್ಟಿಲಿಳಿಯುತ್ತಾ, "ಇದನ್ನ ಅವ್ರೆಲ್ಲಾ ಇದ್ದಾಗ ಹೇಳ್ಬೇಕಿತ್ತು."

ಉಳಿದ ಐವರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. "ಆಟ ಅಲ್ಲೇನ್ರಿ, ಬಿಡ್ರಿ," ಎಂದ ಗುಮಾಸ್ತ. ಬೈದದ್ದು ತಪ್ಪಾಯಿತೆಂದು ಟೇಲರ್‌ಗೆ ನೀನೇ ಹೇಳು ಎಂದರೆ ನಕ್ಕು ಫೋನಿಟ್ಟ. ಅದೂ ಹೇಸಿಗೆಯೆನಿಸಿತು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ನಾನು ಅರ್ಧ ರೊಟ್ಟಿ ಬಿಟ್ಟೆ. ಯಜಮಾನರು ಮೊದಲು ಮಲಗಿದರು.