ಅಕ್ಕನ ಕತ್ತಿಗೆ ಕರೆಂಟು

ತೊಂಬತ್ತರ ದಶಕದ ನಡುವೆ, ನಾನು ಯಳಂದೂರಿನಲ್ಲಿ ಮೇಷ್ಟರಾಗಿದ್ದಾಗ, ಅಜ್ಜೀಪುರಕ್ಕೆ ಮದುವೆಯಾಗಿ ಹೋಗಿದ್ದ ನನ್ನ ಅಕ್ಕನಿಗೆ ತಲೆನೋವು ಶುರುವಾಯಿತು. ತಲೆನೋವು ಎಂದರೆ ಜನ ಕಾಫಿ ಕುಡಿ, ಮಲಗು ಎನ್ನುತ್ತಾರೆ. ಅವಳದು ಆ ಬಗೆಯದಲ್ಲ. ಬಲಗಡೆ ಹಿಂದಲೆಯ ಬುಡದಲ್ಲಿ ಚಳಕ್ಕೆಂದು ಎದ್ದು, ನೆತ್ತಿ ಹತ್ತಿ, ಕಣ್ಣಿನ ಹಿಂದೆ ಬಂದು ಕೂರುತ್ತಿತ್ತು. ಒಂದು ಮಧ್ಯಾಹ್ನ ಬಾಚಣಿಗೆ ತಾಗಿದ್ದನ್ನು ತಡೆಯಲಾರದೆ ಕತ್ತರಿ ತೆಗೆದುಕೊಂಡು ಆ ಕಡೆಯ ಕೂದಲನ್ನೆಲ್ಲ ಬುಡಕ್ಕೆ ಕತ್ತರಿಸಿಬಿಟ್ಟಳು. ಅಲ್ಲಿಂದ ಊರಿನ ಮಾತು ಬದಲಾಯಿತು. ಅದುವರೆಗೆ ತಲೆನೋವಿನವಳಾಗಿದ್ದವಳು ತಲೆಕೆಟ್ಟವಳಾದಳು.

ನಾನೇನು ಮೇಲಲ್ಲ. "ಸ್ವಲ್ಪ ತಡ್ಕೋ ಅಕ್ಕ, ಎಲ್ರಿಗೂ ತಲೆ ನೋಯ್ತದೆ" ಎಂದು ನಾನೂ ಒಮ್ಮೆ ಹೇಳಿದ್ದೆ.

ನರರೋಗದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಮೈಸೂರಿನಿಂದ ಕೊಳ್ಳೇಗಾಲಕ್ಕೆ ಬರುತ್ತಾರೆಂದು ತಿಳಿದಾಗ ರಜೆ ಹಾಕಿ ಅಜ್ಜೀಪುರಕ್ಕೆ ಹೋದೆ. ಭಾವನೂ ಹೊರಟರು. ಹನೂರು ದಾಟಿ ಕಾಮಗೆರೆ ಹತ್ತಿರ ಬಸ್ಸು ಗುಂಡಿಗೆ ಇಳಿದು ಕುಲುಕಿದ್ದೇ ತಡ, ಅಕ್ಕನಿಗೆ ನೋವು ಬಂತು. ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡಳು. ಬಾಯಿಂದ ಸಣ್ಣ ಗುರುಗುಟ್ಟುವ ಸದ್ದು ಬರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು. ಭಾವ ದವಡೆ ಬಿಗಿದು ಕಿಟಕಿಯಾಚೆ ನೋಡುತ್ತಿದ್ದರು.

ಡಾಕ್ಟರು ಅಕ್ಕನ ಹಿಂದಲೆಯನ್ನು ಬೆರಳಿನಿಂದ ತಡವುತ್ತ ಹೋಗಿ ಒಂದು ಕಡೆ ಒತ್ತಿದರು. ಅವಳು ಕಿರುಚಿದಳು.

"ಇಲ್ಲೊಂದು ನರ ಇದೆ. ನೋವು ಹೊರಡ್ತಿರೋದು ಇಲ್ಲಿಂದ" ಎಂದರು. ಹಳೆಯ ಚೀಟಿಗಳನ್ನೆಲ್ಲ ನೋಡಿ, ಈ ಮಾತ್ರೆಗಳೆಲ್ಲ ಆಗಿವೆಯಲ್ಲ ಎಂದು, ಮೇಜಿನ ಖಾನೆಯಿಂದ ಸೋಪಿನ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆ ತೆಗೆದರು. ಎರಡು ವೈರು, ತುದಿಯಲ್ಲಿ ಕಪ್ಪು ರಬ್ಬರಿನ ಬಿಲ್ಲೆಗಳು. ಬ್ಯಾಟರಿಯಿಂದ ಸಣ್ಣ ಕರೆಂಟು ಆ ನರಕ್ಕೆ ಕೊಟ್ಟರೆ ನೋವು ಮಿದುಳಿಗೆ ಮುಟ್ಟುವುದು ಕಡಿಮೆಯಾಗಬಹುದು, ಆದರೆ ಎಲ್ಲರಿಗೂ ಆಗುತ್ತದೆಂದು ಹೇಳಲಾರೆ ಎಂದರು.

ಭಾವ ಎದ್ದು ನಿಂತರು. "ಕರೆಂಟಾ? ಬ್ಯಾಡಿ ಸಾ. ಕರೆಂಟ್ ಕೊಡದು ಉಚ್ಚರಿಗೆ. ನಾಳಿಕೆ ನಾನು ಊರಲ್ಲಿ ತಿರ್ಗಾಡದ್ ಎಂಗೆ? ಏಳು, ಓಗಾನ." ಅಕ್ಕನ ರಟ್ಟೆ ಹಿಡಿದು ಎಬ್ಬಿಸತೊಡಗಿದರು.

"ಹುಚ್ಚಿಗೆ ಕೊಡೋದು ಬೇರೆ, ಇದು ಬೇರೆ" ಎಂದು ಡಾಕ್ಟರು ಹೇಳುತ್ತಲೇ ಇದ್ದರು. ನನಗೆ ಏನು ತೋಚಿತೋ, "ಮೊದಲು ನನಗೆ ಇಡಿ ಸಾರ್" ಎಂದು ಅಂಗಿಯ ಕಾಲರ್ ಸರಿಸಿ ಕೂತೆ. ಬಿಲ್ಲೆ ತಣ್ಣಗೆ ತಾಗಿತು. ಆಮೇಲೆ ಇರುವೆ ಹರಿದ ಹಾಗೆ ಜುಮುಜುಮು, ಅಷ್ಟೇ. ಹಾಗೆಂದು ಭಾವನಿಗೆ ಹೇಳಿದೆ. ಅವರು ಅಕ್ಕನ ರಟ್ಟೆ ಬಿಡಲಿಲ್ಲ.

ಅಕ್ಕನೇ ಬಿಡಿಸಿಕೊಂಡಳು. "ಬುಡು. ನೋವು ನಂದು. ಉಚ್ಚಿ ಅಂತ ಆಗ್ಲೇ ಅಂದವ್ರೆ, ಇನ್ನೇನ್ ಅಂದಾರು? ಇಡಿ ಸಾ."

ಡಾಕ್ಟರು ಬಿಲ್ಲೆಗಳನ್ನು ಅವಳ ಕತ್ತಿನ ಹಿಂದೆ ಇಟ್ಟು, ಪೆಟ್ಟಿಗೆಯ ತಿರುಪನ್ನು ಒಂದೊಂದೇ ಗೆರೆ ತಿರುಗಿಸಿದರು. ಮೊದಲು ನೋವು ಏರಿತು. ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ಬೆನ್ನು ಬಿಲ್ಲಾಗಿ ಬಾಗಿತು.

"ನಿಲ್ಸಿ ಸಾ!" ಭಾವ ಕೂಗಿದರು.

"ನಿಲ್ಸ್‌ಬ್ಯಾಡಿ" ಎಂದಳು ಅಕ್ಕ, ಹಲ್ಲು ಕಚ್ಚಿ.

ನಾನು ಗೋಡೆಯ ಗಡಿಯಾರ ನೋಡುತ್ತ ಕೂತೆ. ನಾನೇ ಒತ್ತಾಯ ಮಾಡಿ ಕರೆತಂದವನು. ಏನಾದರೂ ಆದರೆ ಹೊಣೆ ನನ್ನದೇ. ಹತ್ತು ನಿಮಿಷವಾಯಿತು. ಇನ್ನೂ ಐದು. ಆಗ ಉಗುರಿನ ಬಿಗಿ ಸಡಿಲಾಯಿತು.

"ಓಗಿಲ್ಲ ಕಣ್ಲಾ" ಎಂದಳು ನನಗೆ, ಮೆಲ್ಲಗೆ. "ಆದ್ರೆ ನೆತ್ತಿ ಮ್ಯಾಕ್ಕೆ ಅತ್ತದು ನಿಂತದೆ."

ಭಾವ ಬೆಂಚಿನ ಮೇಲೆ ಕುಸಿದು ಕೂತು ಟವಲಿನಿಂದ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ತಿಂಗಳು ಮೈಸೂರಿನಿಂದ ಅಂಥದೇ ಪೆಟ್ಟಿಗೆ ತಂದುಕೊಟ್ಟೆ. ಕಾಯಿಲೆ ವಾಸಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ದಿನ ಪೆಟ್ಟಿಗೆ ಏನೂ ಮಾಡುತ್ತಿರಲಿಲ್ಲ. ಅವಳು ಅದನ್ನು ಕಿತ್ತು ಪಕ್ಕಕ್ಕಿಟ್ಟು ಕತ್ತಲ ಕೋಣೆಯಲ್ಲಿ ಬಿದ್ದುಕೊಳ್ಳುತ್ತಿದ್ದಳು. ಆದರೆ ಬೇಗ ಹಚ್ಚಿಕೊಂಡರೆ ಬಹಳ ಸಲ ನೋವು ಕಣ್ಣಿಗೆ ಬರುವ ಮೊದಲೇ ನಿಲ್ಲುತ್ತಿತ್ತು. ಬಿಲ್ಲೆಗೆ ಲೋಳೆಯಂಥ ಜೆಲ್ ಸವರಿ ಸರಿಯಾದ ಜಾಗಕ್ಕೆ ಇಡುವುದನ್ನು ಭಾವ ಕಲಿತರು. ಮೊದಮೊದಲು ಬಾಗಿಲು ಹಾಕಿಕೊಂಡೇ ಇಡುತ್ತಿದ್ದರು. ಅದರ ಚೌಕದ ಬ್ಯಾಟರಿ ಹನೂರಿನಲ್ಲೂ ಸಿಗುತ್ತಿರಲಿಲ್ಲ. ನಾನು ಕೊಳ್ಳೇಗಾಲದಲ್ಲಿ ಕೊಂಡು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೆ.

ಒಂದು ಸಲ ನಾನು ಹೋದಾಗ ಅಕ್ಕ ಜಗಲಿಯಲ್ಲೇ ಕೂತಿದ್ದಳು, ಕತ್ತಿನಲ್ಲಿ ವೈರು. ರಾಗಿ ಕೇಳಲು ಬಂದ ನೆರೆಮನೆಯಾಕೆ ಅದನ್ನು ಕಂಡು ಅಂಗಳದಲ್ಲೇ ನಿಂತಳು.

"ಬಾರಮ್ಮ ಒಳೀಕೆ" ಎಂದರು ಭಾವ. "ನರದ ನೋವಿಗೆ ಕಣಮ್ಮ ಇದು. ಇನ್ ಅತ್ ನಿಮಿಷ, ಆಮೇಲ್ ಅವ್ಳೇ ರಾಗಿ ಅಳ್ದು ಕೊಡ್ತಾಳೆ."